ಕೊಂಬಿಲ್ಲದ ಹಕ್ಕು

“ಬಾಯಿ ಮುಚ್ಚು!” ಎಂದು ಹೆಡ್‌ಮಿಸ್ ಗದರಿದರು. “ಹೂಂ, ಈಗ ನಿನ್ನ ಸಾಲು ಹೇಳು.”

ಬಾಯಿ ಮುಚ್ಚಿಕೊಂಡು ಸಾಲು ಹೇಳುವುದು ಹೇಗೆಂದು ಗುಂಡುಸೂಜಿಗೆ ತಿಳಿಯಲಿಲ್ಲ. ಆದರೂ ನೆಟ್ಟಗೆ ನಿಂತು ಹೇಳಿದಳು: “ನಮ್ಮ ಮಾತನ್ನು ಕೇಳಿಸಿಕೊಳ್ಳಿ. ಅದು ನಮ್ಮ ಹಕ್ಕು!”

“ಇನ್ನೂ ಜೋರಾಗಿ!”

ಐದನೆಯ ಕ್ಲಾಸಿನ ಈ ಹುಡುಗಿ ನೋಡಲು ಕಡ್ಡಿಯಂತೆ ಸಣ್ಣ, ದನಿ ಮಾತ್ರ ಚುಚ್ಚುವಂಥದ್ದು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಗುಂಡುಸೂಜಿ. ಮರುದಿನ ಶಾಲೆಯಲ್ಲಿ ಮಕ್ಕಳ ಹಕ್ಕುಗಳ ದಿನ. ಮೂರು ವಾರದ ಆಟದ ಪೀರಿಯಡ್ಡನ್ನೆಲ್ಲ ಪ್ರಾಕ್ಟೀಸು ನುಂಗಿ ನೀರು ಕುಡಿದಿತ್ತು. ಪಕ್ಕದಲ್ಲಿ ನಿಂತಿದ್ದ ಡುಮ್ಮಣ್ಣನ ಸಾಲು, “ಆಟವಾಡುವುದು ನಮ್ಮ ಹಕ್ಕು!” ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳುತ್ತ ಅವನು ಅದನ್ನು ಅಂದಿಗೆ ಹದಿನೆಂಟನೆಯ ಸಲ ಕೂಗಿದ.

“ಮಿಸ್, ನಮ್ಮ ಕ್ಲಾಸಿನ ಅಂಟು ಇದಾಳಲ್ಲ, ಅವಳು…”

“ಶ್!”

ಅಂಟು ಗುಂಡುಸೂಜಿಯ ಬೆಂಚಿನ ಗೆಳತಿ. ಕೈಗೆ ಯಾವಾಗಲೂ ಗೋಂದು ಮೆತ್ತಿರುತ್ತಿದ್ದುದರಿಂದ ಆ ಹೆಸರು. ಅವಳು ಶಾಲೆಗೆ ಬಾರದೆ ನಾಳೆಗೆ ಮೂವತ್ತು ದಿನ. ಮೂವತ್ತು ದಿನ ಬಾರದವರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಹೊಡೆದುಹಾಕುತ್ತಾರೆ ಎಂದು ಆಫೀಸಿನ ಗುಮಾಸ್ತರು ಹೇಳಿದ್ದರು. ಇದನ್ನು ಹೆಡ್‌ಮಿಸ್ ಕಿವಿಗೆ ಹಾಕಬೇಕೆಂದು ಗುಂಡುಸೂಜಿ ಒಂದು ವಾರದಿಂದ ಒದ್ದಾಡುತ್ತಿದ್ದಳು. ಹಕ್ಕುಗಳ ಗಡಿಬಿಡಿಯಲ್ಲಿ ಹೆಡ್‌ಮಿಸ್‌ಗೆ ಕೇಳಲು ಪುರುಸೊತ್ತೇ ಇರಲಿಲ್ಲ.

ಅಷ್ಟರಲ್ಲಿ ಪ್ರೆಸ್ಸಿನಿಂದ ಬ್ಯಾನರ್ ಬಂತು. ಇಬ್ಬರು ಮೇಷ್ಟ್ರುಗಳು ಏಣಿ ಹತ್ತಿ ಕಟ್ಟಿದರು. ‘ಮಕ್ಕಳ ಹಕ್ಕಿಗಳ ದಿನ’ ಎಂದು ಕೆಂಪು ಅಕ್ಷರಗಳು ಮಿಂಚುತ್ತಿದ್ದವು. ಕೊಂಬು ಇರಬೇಕಾದ ಕಡೆ ಗುಡಿಸು ಬಿದ್ದು, ಹಕ್ಕು ಹೋಗಿ ಹಕ್ಕಿಯಾಗಿತ್ತು.

“ಮಿಸ್, ಕೊಂಬು ಇಲ್ಲ!”

“ಯಾಕಿಲ್ಲ? ನಿನಗೆ ಬಂದಿದೆಯಲ್ಲ, ಸಾಕು!” ಎಂದರು ಹೆಡ್‌ಮಿಸ್, ಬ್ಯಾನರಿನ ಕಡೆ ತಿರುಗದೆ. “ದೊಡ್ಡವರು ಕೆಲಸ ಮಾಡುವಾಗ ನಡುವೆ ಬಾಯಿ ಹಾಕ್ತೀಯಾ? ಹೋಗು, ಸಾಲಿಗೆ ನಿಲ್ಲು.”

ಸಂಜೆ ಗುಂಡುಸೂಜಿ ನೇರವಾಗಿ ಅಂಟುವಿನ ಮನೆಗೆ ಹೋದಳು. ಮನೆಯೆಂದರೆ ಒಂದೇ ಕೋಣೆ. ಕಾಲಿಡಲು ಜಾಗವಿಲ್ಲದಂತೆ ರಿಬ್ಬನ್, ಪಿನ್ನು, ಗೋಂದಿನ ಡಬ್ಬಿ. ಅಂಟುವಿನ ಅಮ್ಮ ಮೆಟ್ಟಿಲಿನಿಂದ ಜಾರಿ ಬಿದ್ದು ಬಲಗೈ ಮುರಿದುಕೊಂಡಿದ್ದರು. ಬಿಳಿ ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿ ಮಗುವಿನಂತೆ ಮಲಗಿಸಿಕೊಂಡಿದ್ದರು. ಪ್ರೆಸ್ಸಿಗೆ ಬ್ಯಾಡ್ಜ್ ಅಂಟಿಸಿಕೊಡುತ್ತಿದ್ದ ಆ ಕೈಯ ಕೆಲಸವನ್ನು ಈಗ ಅಂಟು ಮಾಡುತ್ತಿದ್ದಳು. ಅಜ್ಜಿ ರಿಬ್ಬನ್ ಕತ್ತರಿಸುತ್ತಿದ್ದಳು.

ಗುಂಡುಸೂಜಿ ಒಂದು ಬ್ಯಾಡ್ಜ್ ಎತ್ತಿ ನೋಡಿದಳು. ‘ಮಕ್ಕಳ ಹಕ್ಕಿಗಳ ದಿನ’. ಅದರ ಕೆಳಗೆ, ‘ಮಕ್ಕಳನ್ನು ದುಡಿಸಬೇಡಿ’.

“ಅಯ್ಯೋ, ಇದು ನಮ್ಮ ಸ್ಕೂಲಿಂದೇ ಕಣೇ!”

“ಗೊತ್ತು,” ಎಂದಳು ಅಂಟು. “ಪ್ರೆಸ್ಸಿನವನಿಗೆ ‘ತಪ್ಪಾಗಿದೆ’ ಅಂದೆ. ‘ಅಂಟಿಸೋದು ನಿನ್ನ ಕೆಲಸ, ಓದೋದಲ್ಲ’ ಅಂದ.”

ಆದರೂ ಅವಳು ಓದಿದ್ದಳು. ಒಂದೊಂದೇ ಬ್ಯಾಡ್ಜನ್ನು ತೆಗೆದುಕೊಂಡು, ಗುಡಿಸನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಕಪ್ಪು ಪೆನ್ನಿನಿಂದ ಪುಟ್ಟ ಕೊಂಬು ಎಳೆಯುತ್ತಿದ್ದಳು.

“ಮುನ್ನೂರು ಕೊಂಬು!” ಎಂದು ಅಜ್ಜಿ ಗೊಣಗಿದಳು. “ಇವಳ ಕೊಂಬಿನ ದೆಸೆಯಿಂದ ನನ್ನ ಗೋಂದೆಲ್ಲ ಒಣಗಿಹೋಯ್ತು.”

“ತಪ್ಪು ಅಂತ ಗೊತ್ತಿದ್ದೂ ಹೇಗೆ ಕಳಿಸೋದಜ್ಜಿ? ಮಿಸ್ ನೋಡಿದ್ರೆ ಬೈತಾರೆ.”

ಗುಂಡುಸೂಜಿ ಕುಳಿತು ಪಿನ್ನು ಚುಚ್ಚತೊಡಗಿದಳು. ಆಮೇಲೆ ಮೆಲ್ಲಗೆ, “ನಾಳೆ ನಿನ್ನ ಹೆಸರು ಹೊಡೆದುಹಾಕ್ತಾರಂತೆ,” ಎಂದಳು.

ಅಂಟುವಿನ ಪೆನ್ನು ನಿಂತಿತು.

“ಕೈ ಕೂಡಿದ ದಿನವೇ ಕಳಿಸ್ತೀನಿ ಕಣಮ್ಮ,” ಎಂದರು ಅಮ್ಮ, ಯಾರೋ ಬೈದಂತೆ ಮುಖ ಮಾಡಿಕೊಂಡು. “ಈಗ ಬೇಡ ಅಂದ್ರೆ ಈ ಕೆಲಸ ಬೇರೆಯವರ ಪಾಲಾಗುತ್ತೆ.”

“ನೀನು ಮಿಸ್‌ಗೆ ಹೇಳ್ತೀಯಾ?” ಎಂದು ಅಂಟು ಕೇಳಿದಳು.

“ಹೇಳ್ತೀನಿ.”

ಮರುದಿನ ಎಲ್ಲರ ಎದೆಯ ಮೇಲೂ ಬ್ಯಾಡ್ಜ್. ಮುಖ್ಯ ಅತಿಥಿಗಳು ಒಂದೂವರೆ ಗಂಟೆ ತಡವಾಗಿ ಬಂದರು. ಅಷ್ಟು ಹೊತ್ತೂ ಮಕ್ಕಳು ಬಿಸಿಲಲ್ಲಿ ನಿಂತೇ ಇದ್ದರು. ನೆರಳಿನಲ್ಲಿ ಇದ್ದ ಕುರ್ಚಿಗಳು ದೊಡ್ಡವರಿಗೆ. ಭಾಷಣದ ಚೀಟಿಯನ್ನು ಮನೆಯಲ್ಲಿ ಮರೆತು ಬಂದಿದ್ದ ಅತಿಥಿಗಳು ತಲೆಯೆತ್ತಿ ಬ್ಯಾನರ್ ಓದಿ, ಗಂಟಲು ಸರಿಮಾಡಿಕೊಂಡರು.

“ಮಕ್ಕಳೇ, ಹಕ್ಕಿ ಎಂದರೆ ಏನು? ರೆಕ್ಕೆ! ಗುಬ್ಬಚ್ಚಿಗೆ ನೀರಿಡಿ. ಕಾಗೆಗೆ ಕಲ್ಲು ಹೊಡೆಯಬೇಡಿ…”

ಇಪ್ಪತ್ತು ನಿಮಿಷ ಹಕ್ಕಿಗಳು ಹಾರಿದವು. ಹೆಡ್‌ಮಿಸ್ ಬ್ಯಾನರನ್ನು ಈಗ ನೋಡಿದರು. ಅವರ ಮುಖ ಅದರ ಅಕ್ಷರಗಳಷ್ಟೇ ಕೆಂಪಾಯಿತು. ಸಭೆ ಚಪ್ಪಾಳೆ ತಟ್ಟಿತು.

ಗುಂಡುಸೂಜಿಯ ಸರದಿ ಬಂತು. ಮೈಕು ಅವಳಿಗಿಂತ ಎತ್ತರವಿತ್ತು. ಕಾಲ್ಬೆರಳ ಮೇಲೆ ನಿಂತಳು.

“ನಮ್ಮ ಮಾತನ್ನು ಕೇಳಿಸಿಕೊಳ್ಳಿ. ಅದು ನಮ್ಮ ಹಕ್ಕು!”

ಅಲ್ಲಿಗೆ ಸಾಲು ಮುಗಿಯಬೇಕಿತ್ತು. ಮುಗಿಯಲಿಲ್ಲ.

“ಬ್ಯಾನರಲ್ಲಿ ಕೊಂಬಿಲ್ಲ. ನಿಮ್ಮ ಬ್ಯಾಡ್ಜಲ್ಲಿದೆ, ನೋಡ್ಕೊಳ್ಳಿ. ಅದನ್ನ ಬರೆದಿದ್ದು ನಮ್ಮ ಕ್ಲಾಸಿನ ಅಂಟು. ಅವಳಮ್ಮನ ಕೈ ಮುರಿದಿದೆ. ಈ ಬ್ಯಾಡ್ಜ್ ಅಂಟಿಸ್ತಾ ಕೂತು ಅವಳು ಸ್ಕೂಲಿಗೆ ಬಂದಿಲ್ಲ. ಇವತ್ತು ಅವಳ ಹೆಸರು ಹೊಡೆದುಹಾಕ್ತಾರೆ.”

ತಕ್ಷಣ ಕಿವಿ ಗಡಚಿಕ್ಕುವ ಚಪ್ಪಾಳೆ!

“ಭೇಷ್! ಎಂಥ ಅಭಿನಯ!” ಎಂದರು ಅತಿಥಿಗಳು. “ಕಣ್ಣಲ್ಲಿ ನೀರು ಬೇರೆ ತರಿಸಿಕೊಂಡಳಲ್ಲ! ಯಾರಮ್ಮ ಇದನ್ನು ಬರೆದುಕೊಟ್ಟಿದ್ದು?” ಅವಳ ಬೆನ್ನು ತಟ್ಟಿ ಕೈಗೊಂದು ಪೆನ್ನು ಕೊಟ್ಟರು. ಫೋಟೋ ತೆಗೆಸಿಕೊಂಡರು.

ಗುಂಡುಸೂಜಿ ಜನರನ್ನೆಲ್ಲ ನೋಡಿದಳು. ಎಲ್ಲರ ಕೈಗಳೂ ಇನ್ನೂ ಚಪ್ಪಾಳೆ ತಟ್ಟುತ್ತಿದ್ದವು. ಕೊನೆಯ ಕುರ್ಚಿಯಲ್ಲಿ ಹೆಡ್‌ಮಿಸ್ ಮಾತ್ರ ತಮ್ಮ ಬ್ಯಾಡ್ಜನ್ನು ಬಿಚ್ಚಿ, ಕನ್ನಡಕದ ಹತ್ತಿರ ಹಿಡಿದು ನೋಡುತ್ತಿದ್ದರು.

ಸಭೆ ಮುಗಿದ ಮೇಲೆ ಆಫೀಸಿನಲ್ಲಿ ಗುಮಾಸ್ತರು ಹಾಜರಿ ಪುಸ್ತಕದ ಮೇಲೆ ಸ್ಕೇಲಿಟ್ಟು ಕೆಂಪು ಪೆನ್ನು ತೆರೆದರು.

“ತಡೀರಿ,” ಎಂದರು ಹೆಡ್‌ಮಿಸ್.

“ಮೂವತ್ತು ದಿನ ಆಯ್ತು, ಮೇಡಂ.”

“ಆಗಲಿ. ಆ ಪೆನ್ನು ಮುಚ್ಚಿ.” ಬಾಗಿಲಲ್ಲಿ ನಿಂತಿದ್ದ ಗುಂಡುಸೂಜಿಯನ್ನು ಕರೆದರು. “ಬಾ ಇಲ್ಲಿ. ಎಲ್ಲಾ ಹೇಳು.”

ಇಷ್ಟು ದಿನ ನಾಲಿಗೆಯ ತುದಿಯಲ್ಲೇ ಇದ್ದ ಮಾತು ಈಗ ಹೊರಡಲಿಲ್ಲ. ಹೆಡ್‌ಮಿಸ್ ಗದರಲಿಲ್ಲ, ಶ್ ಎನ್ನಲಿಲ್ಲ. ಕಾದರು. ಗುಂಡುಸೂಜಿ ಮೆಲ್ಲಗೆ, ಮೈಕಿಲ್ಲದ ದನಿಯಲ್ಲಿ, ಮೊದಲಿನಿಂದ ಹೇಳಿದಳು.

ಎಲ್ಲ ಕೇಳಿ ಹೆಡ್‌ಮಿಸ್ ಎದ್ದು ಚಪ್ಪಲಿ ಮೆಟ್ಟಿದರು. “ಅವಳ ಮನೆ ತೋರಿಸು, ನಡಿ.”

ಗೇಟಿನ ಬಳಿ ಡುಮ್ಮಣ್ಣ ಓಡಿ ಬಂದ. “ಏನು ಚಪ್ಪಾಳೆ ಕಣೇ ನಿನಗೆ! ಎಲ್ಲಾರೂ ತಟ್ಟಿದ್ರು!”

ಹೆಡ್‌ಮಿಸ್ ಆಗಲೇ ರಸ್ತೆಗೆ ಇಳಿದಿದ್ದರು. ಬ್ಯಾಡ್ಜ್ ಇನ್ನೂ ಅವರ ಕೈಯಲ್ಲೇ ಇತ್ತು.

“ಎಲ್ಲಾರೂ ಅಲ್ಲ,” ಎಂದು ಗುಂಡುಸೂಜಿ ಅವರ ಹಿಂದೆ ಓಡಿದಳು.