ಎಡಗಡೆಯ ನಟ್

ಸೋಮವಾರ ಬೆಳಿಗ್ಗೆ ಠಾಣೆಗೆ ದೂರು ತಂದವನು ಆಸ್ಪತ್ರೆಯ ನರ್ಸೊಬ್ಬಳ ಅಣ್ಣ. ಹಿಂದಿನ ಸಂಜೆ ಇಳಿಜಾರಿನಲ್ಲಿ ಸೈಕಲ್ಲಿನ ಮುಂದಿನ ಮಡ್ಗಾರ್ಡ್ ಚಕ್ರಕ್ಕೆ ಸಿಕ್ಕಿ ತಂಗಿ ಬಿದ್ದಿದ್ದಳು. ಬಲಗೈ ಮೂಳೆ ಮುರಿದಿತ್ತು. ಆರು ತಿಂಗಳ ಹಿಂದೆ ಮಡ್ಗಾರ್ಡ್ ಹಾಕಿಕೊಟ್ಟ ಸೈಕಲ್ ಅಂಗಡಿಯವನನ್ನು ಒಳಗೆ ಹಾಕಲೇಬೇಕೆಂದು ಅವನ ಪಟ್ಟು. ಎಫ್‌ಐಆರ್‌ನಲ್ಲಿ ಅಂಗಡಿಯವನೇ ಆರೋಪಿಯಾದ.

ಠಾಣೆಯ ಅಂಗಳದಲ್ಲಿ ಪಂಚ ಸಾಕ್ಷಿಗಳ ಎದುರು ಇನ್ಸ್‌ಪೆಕ್ಟರ್ ಸೈಕಲ್ಲನ್ನು ಪರಿಶೀಲಿಸಿದರು. ಮಡ್ಗಾರ್ಡ್ ಹಿಡಿದಿಡುವ ಕಡ್ಡಿಗಳ ನಾಲ್ಕು ನಟ್‌ಗಳಲ್ಲಿ ಮೂರು ಒಳಗೆ ನೈಲಾನ್ ಬಳೆಯಿದ್ದಂಥವು. ಎಷ್ಟು ಅದುರಿದರೂ ಸಡಿಲವಾಗುವುದಿಲ್ಲ. ಮುಂದಿನ ಎಡಗಡೆಯದು ಇರಲಿಲ್ಲ. ಅದನ್ನು ಕಾನ್‌ಸ್ಟೇಬಲ್ ಇಳಿಜಾರಿನ ಚರಂಡಿಯಲ್ಲಿ ಮಂಡಿಯೂರಿ ಹುಡುಕಿ ತಂದ. ಬರೀ ಕಬ್ಬಿಣದ ನಟ್.

"ಒಂದೇ ಪೊಟ್ಟಣ ಒಡೆದು ನಾಲ್ಕೂ ಹಾಕಿದ್ದು ಸಾರ್," ಎಂದ ಅಂಗಡಿಯವನು. "ಮೂರು ಒಂಥರ, ಒಂದು ಇನ್ನೊಂಥರ ಹಾಕೋಕೆ ನಂಗೇನು ತಲೆ ಕೆಟ್ಟಿದೆಯಾ?"

ಇನ್ಸ್‌ಪೆಕ್ಟರಿಗೆ ಮಾತು ನಿಜವೆನಿಸಿತು, ಆದರೆ ಅನಿಸಿಕೆ ಸಾಕ್ಷಿಯಾಗದು. ಅಂಥದ್ದೇ ಬರೀ ನಟ್ಟೊಂದನ್ನು ಕಾನ್‌ಸ್ಟೇಬಲ್ಲನ ಸೈಕಲ್ಲಿಗೆ ಹಾಕಿಸಿ ಓಡಾಡಲು ಹೇಳಿದರು. ವಾರದೊಳಗೆ ಅವನು ಗೊಣಗುತ್ತ ಬಂದ. "ಮಡ್ಗಾರ್ಡು ಚಳಿ ಬಂದೋರ ಹಲ್ಲಿನ ಹಾಗೆ ಕಟಕಟ ಅಂತಿದೆ ಸಾರ್. ಬೀದಿಯೆಲ್ಲ ತಿರುಗಿ ನೋಡ್ತಾರೆ."

ನರ್ಸ್ ಹಾಸಿಗೆಯಲ್ಲೇ ಹೇಳಿಕೆ ಕೊಟ್ಟಳು. ಸೈಕಲ್ ಇರುತ್ತಿದ್ದದ್ದು ಮನೆಯೊಳಗೆ, ಇಲ್ಲವೇ ಆಸ್ಪತ್ರೆಯ ಸ್ಟ್ಯಾಂಡಿನಲ್ಲಿ. ಎರಡು ತಿಂಗಳಿಂದ ಮಡ್ಗಾರ್ಡ್ ವಾರಕ್ಕೊಮ್ಮೆಯಾದರೂ ಗಡಗಡ ಅನ್ನುತ್ತಿತ್ತು.

"ಯಾರು ಬಿಗಿ ಮಾಡಿಕೊಡ್ತಿದ್ರು?"

"ಯಾರೋ ಸ್ಟ್ಯಾಂಡಿನವರು. ಮುಖ ಸರಿಯಾಗಿ ನೆನಪಿಲ್ಲ." ಬೀಳುವ ಹಿಂದಿನ ವಾರವೆಲ್ಲ ಸಿಬ್ಬಂದಿಗೆ ಹಿಂದಿನ ಗೇಟು ತೆರೆದಿದ್ದರಿಂದ ಅವಳು ಸೈಕಲ್ಲನ್ನು ಅಲ್ಲೇ ಒಳಗೆ ನಿಲ್ಲಿಸುತ್ತಿದ್ದಳು, ಸ್ಟ್ಯಾಂಡಿಗೆ ಹೋಗಿರಲಿಲ್ಲ.

ವಾರವಾರವೂ ಬಿಗಿ ಮಾಡುವವನು ಒಮ್ಮೆಯೂ ನಟ್ ಬದಲಿಸಲಿಲ್ಲವೇಕೆ? ಆ ಪ್ರಶ್ನೆಯನ್ನು ಹೊತ್ತು ಇನ್ಸ್‌ಪೆಕ್ಟರ್ ಸ್ಟ್ಯಾಂಡಿಗೆ ಹೋದರು.

ಸ್ಟ್ಯಾಂಡಿನವನ ತಗಡಿನ ಕೋಣೆಯಲ್ಲಿ ಒಂದು ಸ್ಟೂಲು, ಒಂದು ತಟ್ಟೆ, ಒಂದು ಲೋಟ. ಕಿಟಕಿಯಾಚೆ ಜನ ಸೈಕಲ್ ನೂಕಿ, ಟೋಕನ್ ಬಿಲ್ಲೆ ಕಿತ್ತುಕೊಂಡು, ಅವನತ್ತ ನೋಡದೆ ಹೋಗುತ್ತಿದ್ದರು. ಹಾಗೆ ಬಂದವರು ಯಾರೂ ಅವನೊಂದಿಗೆ ಮಾತಾಡುತ್ತಿರಲಿಲ್ಲ. ಇನ್ಸ್‌ಪೆಕ್ಟರ್ ಕಬ್ಬಿಣದ ನಟ್ಟನ್ನು ಸ್ಟೂಲಿನ ಮೇಲಿಟ್ಟರು. ಅವನು ಜೇಬಿಗೆ ಕೈಹಾಕಿ ನೈಲಾನ್ ಬಳೆಯ ನಟ್ಟನ್ನು ಅದರ ಪಕ್ಕ ಇಟ್ಟ.

ಎಂದೋ ಒಂದು ದಿನ ಸೈಕಲ್ ಉರುಳಿ ನಿಜವಾಗಿಯೇ ಬಾಗಿದ್ದ ಕಡ್ಡಿಯನ್ನು ಅವನು ಸರಿ ಮಾಡಿಕೊಟ್ಟಿದ್ದನಂತೆ. ಅವಳು ನಿಂತು, ಊಟ ಆಯ್ತಾ ಅಣ್ಣ ಎಂದು ಕೇಳಿದ್ದಳಂತೆ. ಅವಳು ಮತ್ತೆ ಬಂದು ನಿಲ್ಲಲೆಂದು, ಆಮೇಲೆ ಅವಳಿಲ್ಲದಾಗ ನಟ್ ಬದಲಿಸಿದ.

"ಬರೀ ಸದ್ದು ಬರುತ್ತೆ ಅಂದ್ಕೊಂಡಿದ್ದೆ ಸಾರ್. ನಟ್ ಬೀಳೋ ಮುಂಚೆ ನಾನೇ ಬಿಗಿ ಮಾಡ್ತಿದ್ದೆ. ಆ ವಾರ ದಿನಾ ಕಾದೆ. ಬರಲೇ ಇಲ್ಲ."

ಜಪ್ತಿ ಪಂಚನಾಮೆಗೆ ಸಹಿಯಾಯಿತು. ಅಂಗಡಿಯವನ ಹೆಸರು ಕೈಬಿಡಲು ಇನ್ಸ್‌ಪೆಕ್ಟರ್ ವರದಿ ಬರೆಸಿ, ಸ್ಟ್ಯಾಂಡಿನವನನ್ನು ದಸ್ತಗಿರಿ ಮಾಡಿದರು. ಅವನು ಲೋಟ ತೊಳೆದು ಬೋರಲಿಟ್ಟು, ಬಾಗಿಲು ಎಳೆದುಕೊಂಡ. ಜೀಪು ಹತ್ತುವಾಗ ತಿರುಗಿದ.

"ಅವರ ಹೇಳಿಕೆಯಲ್ಲಿ ನನ್ನ ವಿಷಯ ಏನಾದ್ರೂ ಬಂತಾ ಸಾರ್?"

ಹೇಳಿಕೆಯ ಹಾಳೆ ಇನ್ಸ್‌ಪೆಕ್ಟರ್ ಕೈಯಲ್ಲೇ ಇತ್ತು. ಅದನ್ನು ಮಡಿಚಿದರು.

"ಬಂತು," ಎಂದರು. "ಒಳ್ಳೆಯವರು ಅಂದ್ರು."