ಮುರಿದ ಲಾಳದ ಗುರುತು

ದತ್ತಾತ್ರೇಯನನ್ನು ಅವನ ಐವತ್ತೊಂದು ವರ್ಷದ ಬದುಕಿನಲ್ಲಿ ಬೈದವರು ಬಹಳ ಮಂದಿ. ಅವರನ್ನೆಲ್ಲ ಅವನು ನಿಂತಲ್ಲೇ ತಿರುಗಿ ಬೈದು ಮರೆತಿದ್ದ. ಹೊಗಳಿದ ಒಬ್ಬರನ್ನು ಮಾತ್ರ ಅವನಿಂದ ಕ್ಷಮಿಸಲಾಗಲಿಲ್ಲ.

ಅದು 2015ರ ಜುಲೈ. ಸಿಂಗಪುರದ ಜುರಾಂಗ್ ಈಸ್ಟ್‌ನ ಒಂದು ಸಭಾಂಗಣದಲ್ಲಿ ಹಳೆಯ ಯಂತ್ರಗಳ ಹುಚ್ಚಿನವರೆಲ್ಲ ಸೇರಿದ್ದರು. ಬ್ಯಾಂಕಿನಿಂದ ನಿವೃತ್ತರಾಗಿದ್ದ ದ್ವಾರಕನಾಥ್ ಸೂಟು ತೊಟ್ಟು, ತಮ್ಮ ಸಂಗ್ರಹದ ಕೈತೋಟದ ಟ್ರ್ಯಾಕ್ಟರುಗಳ ಬಗ್ಗೆ ಒಂದು ಗಂಟೆ ಮಾತಾಡಿದರು. ಮುಗಿಸುವ ಮುಂಚೆ ಮೂಲೆಯಲ್ಲಿ ನಿಂತಿದ್ದ ದತ್ತಾತ್ರೇಯನತ್ತ ಬೆರಳು ತೋರಿ, "ಇವನು ನಮ್ಮ ಮೆಕ್ಯಾನಿಕ್. ಇವನ ಕೈ ಬಹಳ ಚೆನ್ನಾಗಿದೆ" ಎಂದು ಇಂಗ್ಲಿಷಿನಲ್ಲಿ ಹೇಳಿದರು. ಜನ ಚಪ್ಪಾಳೆ ತಟ್ಟಿದರು.

ಕೈ! ಆ ಒಂದು ಗಂಟೆಯ ಮಾತು ಪೂರ್ತಿ ಅವನ ತಲೆಯಿಂದ ಬಂದದ್ದು.

ಅರವತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಬ್ರೆಂಟ್‌ಫೀಲ್ಡ್ ಎಂಬ ದೊಡ್ಡ ಅಂಗಡಿ ಇತ್ತು. ಬನೀನಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ಮಾರುತ್ತಿತ್ತು. ಟ್ರ್ಯಾಕ್ಟರನ್ನು ಮಾತ್ರ ಅದು ಎಂದೂ ತಯಾರಿಸಲಿಲ್ಲ. ಯಾವ ಯಾವುದೋ ಕಾರ್ಖಾನೆಯಲ್ಲಿ ಮಾಡಿಸಿ, ಹಸಿರು ಬಣ್ಣ ಬಳಿದು, ತನ್ನ ಹೆಸರು ಅಂಟಿಸುತ್ತಿತ್ತು. ಹೆತ್ತವರು ಯಾರೆಂದು ಹೊರಗಿನಿಂದ ತಿಳಿಯುವಂತಿರಲಿಲ್ಲ. ದತ್ತಾತ್ರೇಯ ಆರು ವರ್ಷ ವುಡ್‌ಲ್ಯಾಂಡ್ಸ್‌ನಲ್ಲಿದ್ದ ದ್ವಾರಕನಾಥರ ಗೋದಾಮಿನಲ್ಲಿ ಒಂದೊಂದೇ ಟ್ರ್ಯಾಕ್ಟರಿನ ಹೊಟ್ಟೆ ಬಗೆದು, ಎರಕದ ಗುರುತು ಹುಡುಕಿ, ಸೀಟಿನ ಕೆಳಗಿನ ತಗಡಿನ ನಂಬರಿನ ಮೊದಲ ಮೂರು ಅಂಕಿಯಲ್ಲಿ ಕಾರ್ಖಾನೆಯ ಜಾತಕ ಅಡಗಿದೆ ಎಂದು ಕಂಡುಹಿಡಿದಿದ್ದ. 418 ಎಂದರೆ ಒಂದು ಕಾರ್ಖಾನೆ, 620 ಎಂದರೆ ಮತ್ತೊಂದು. 207 ಎಂದು ಶುರುವಾಗುವ ಗಾಡಿ ಮಾತ್ರ ಅಪರೂಪ. ಸುಟ್ಟುಹೋದ ಒಂದು ಸಣ್ಣ ಕಾರ್ಖಾನೆಯಲ್ಲಿ ಹನ್ನೊಂದೇ ಹನ್ನೊಂದು ತಯಾರಾಗಿದ್ದವು. ಅದರ ಗೇರ್‌ಬಾಕ್ಸಿನ ಮೇಲೆ ಕುದುರೆ ಲಾಳದ ಗುರುತು. ಅಚ್ಚು ಮುಕ್ಕಾಗಿದ್ದರಿಂದ ಲಾಳದ ಎಡಗಾಲು ಮುರಿದ ಹಾಗೆ ಕಾಣುತ್ತಿತ್ತು. ಆ ಹನ್ನೊಂದರಲ್ಲಿ ಒಂದು ದ್ವಾರಕನಾಥರ ಗೋದಾಮಿನಲ್ಲಿತ್ತು.

ಸಭೆ ಮುಗಿದ ಮೇಲೆ ದತ್ತಾತ್ರೇಯ ಕೇಳಿಯೇ ಬಿಟ್ಟ.

"ಸಾರ್, ನಂಬರಿನ ಗುಟ್ಟು ಕಂಡುಹಿಡಿದದ್ದು ನಾನು ಅಂತ ಒಂದ್ ಮಾತು ಹೇಳ್ಬೋದಿತ್ತು."

"ಅಯ್ಯೋ ದತ್ತು, ಸ್ಟೇಜ್ ಮೇಲೆ ಅದನ್ನೆಲ್ಲಾ ಎಕ್ಸ್‌ಪ್ಲೇನ್ ಮಾಡೋಕೆ ಟೈಮ್ ಎಲ್ಲಿತ್ತಪ್ಪ? ನಿನ್ನ ಫೋಟೋ ಹಾಕಿದ್ನಲ್ಲ!"

ಹಾಕಿದ್ದರು. ಅದರಲ್ಲಿ ಸ್ಪ್ಯಾನರು ಹಿಡಿದ ಎರಡು ಕೈ ಇದ್ದವು. ತಲೆ ಚೌಕಟ್ಟಿನಿಂದಾಚೆ ಹೋಗಿತ್ತು. ಬ್ರೆಂಟ್‌ಫೀಲ್ಡ್ ಟ್ರ್ಯಾಕ್ಟರಿಗೆ ಮಾಡಿದ್ದನ್ನೇ ಈ ಮನುಷ್ಯ ನನಗೆ ಮಾಡಿದ ಎಂದು ದತ್ತಾತ್ರೇಯ ಹಲ್ಲು ಕಚ್ಚಿದ.

ಒಂದು ತಿಂಗಳಲ್ಲೇ ದಾರಿ ಕಾಣಿಸಿತು. ಆಸ್ಟ್ರೇಲಿಯಾದ ಒಂದು ವಸ್ತುಸಂಗ್ರಹಾಲಯ 207ನ್ನು ಕೊಳ್ಳಲು ಮುಂದೆ ಬಂತು. ಗಾಡಿಯ ಪ್ರತಿ ಭಾಗವೂ ಮೂಲದ್ದು ಎಂದು ದ್ವಾರಕನಾಥ್ ಬರೆದು ಸಹಿ ಹಾಕಿಕೊಟ್ಟರು. ಜನವರಿಯಲ್ಲಿ ಸಂಗ್ರಹಾಲಯದ ಪರೀಕ್ಷಕಿ ಬಂದು ನೋಡುವುದೆಂದು ಗೊತ್ತಾಯಿತು. ಆ ಗಾಡಿಯಲ್ಲಿ ಒಂದು ಭಾಗ ನಕಲಿಯಾದರೆ? ಗೊತ್ತಿದ್ದೂ ಮೋಸ ಮಾಡಿದವರು ಯಾರು? ಸಹಿ ಹಾಕಿದವರು. ಈ ಊರಿನಲ್ಲಿ ಕಾಯಿದೆಗೆ ಕಣ್ಣೀರು ಕಾಣುವುದಿಲ್ಲ. ಕಾಗದ ಮಾತ್ರ ಕಾಣುತ್ತದೆ.

ಕಾಗದದಲ್ಲೆಲ್ಲೂ ದತ್ತಾತ್ರೇಯನ ಹೆಸರಿರಲಿಲ್ಲ. ಗೋದಾಮಿನ ಬಾಡಿಗೆ, ಬಿಡಿಭಾಗಗಳ ಆರ್ಡರು, ಹಡಗಿನ ರಶೀದಿ, ಎಲ್ಲದರ ಮೇಲೂ ದ್ವಾರಕನಾಥರ ಹೆಸರೇ. ಮೊದಲು ಅವನ ಹೊಟ್ಟೆ ಉರಿಸಿದ್ದ ಸಂಗತಿ ಈಗ ಅವನಿಗೆ ನೆರಳಾಯಿತು. ಹೆಸರೇ ಇಲ್ಲದವನನ್ನು ಯಾರು ಹಿಡಿಯುತ್ತಾರೆ?

ಅವನು ಎಂದಿನ ಬಿಡಿಭಾಗಗಳ ಪಟ್ಟಿಯಲ್ಲಿ 207ಕ್ಕಿಂತ ಐದು ವರ್ಷ ಈಚೆಗೆ ತಯಾರಾದ ಸಾಮಾನ್ಯ ಗೇರ್‌ಬಾಕ್ಸೊಂದನ್ನು ಸೇರಿಸಿದ. ದ್ವಾರಕನಾಥ್ ಎಂದಿನಂತೆ ಓದದೆ ಆರ್ಡರು ಕಳಿಸಿದರು. ಅದು ಬಂದಾಗ ಅಕ್ಟೋಬರ್, ನವರಾತ್ರಿಯ ದಿನಗಳು. ಆಗಲೇ ದ್ವಾರಕನಾಥರ ಹೆಂಡತಿ ಕೌಸಲ್ಯಾ ಫೋನು ಮಾಡಿದರು.

"ದತ್ತು, ಸರಸ್ವತಿ ಪೂಜೆಗೆ ಇಡೋಕೆ ನಮ್ಮನೇಲಿ ಒಂದು ಪುಸ್ತಕಾನೂ ಇಲ್ಲ ಕಣಪ್ಪ. ಮೊಮ್ಮಗಳು ಶ್ರೀಯಾಂದು ಎಲ್ಲಾ ಐಪ್ಯಾಡಲ್ಲಿ. ಅದಕ್ಕೆ ಕುಂಕುಮ ಇಡೋಕೆ ಹೋದ್ರೆ 'ಅಜ್ಜಿ, ಡರ್ಟಿ ಲಾ' ಅಂತ ಇಲ್ಲಿನೋರ ಥರ ಕೂಗ್ತಾಳೆ. ನಿನ್ನ ಆ ನೋಟ್‌ಬುಕ್ಕುಗಳಿವೆಯಲ್ಲ, ಅವನ್ನೇ ಕೊಡು."

ದತ್ತಾತ್ರೇಯ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಆರು ವರ್ಷದ ಶೋಧವೆಲ್ಲ ಆ ನಾಲ್ಕು ಪುಸ್ತಕಗಳಲ್ಲಿ ಕನ್ನಡದಲ್ಲಿತ್ತು. ಹಳ್ಳಿ ಶಾಲೆಯ ಮೇಷ್ಟ್ರು ಕಲಿಸಿದಂತೆ ಪ್ರತಿ ಪುಟದ ಕೆಳಗೂ ತಾರೀಖು, ಸಹಿ. ಹುಡುಗರು ನಾಣ್ಯದ ಮೇಲೆ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದಿಲ್ಲವೇ? ಹಾಗೆಯೇ ಪ್ರತಿ ಎರಕದ ಗುರುತನ್ನೂ ಅವನು ಉಜ್ಜಿ ತೆಗೆದಿದ್ದ. ಮುರಿದ ಲಾಳವೂ ಅಲ್ಲಿತ್ತು. ನಡುನಡುವೆ ಸಿಟ್ಟು ಬಂದಾಗ ಗೀಚಿದ ಬೈಗುಳಗಳೂ ಇದ್ದವು. ಆದರೆ ಇಲ್ಲವೆಂದರೆ ಅನುಮಾನ ಹುಟ್ಟೀತು.

"ಕೊಡ್ತೀನಿ ಅಕ್ಕ. ಯಾರೂ ತೆಗೀಬಾರ್ದು ಮತ್ತೆ."

"ಪೂಜೆಗಿಟ್ಟ ಪುಸ್ತಕಾನ ಯಾರಾದ್ರೂ ತೆಗೀತಾರೇನೋ? ಶಾಂತಂ ಪಾಪಂ!"

ಅದು ನಿಜ. ಕೌಸಲ್ಯಾ ಮಡಿವಂತೆ. ಆ ಮನೆಯ ಮಂಟಪಕ್ಕಿಂತ ಭದ್ರವಾದ ತಿಜೋರಿ ಇಡೀ ಸಿಂಗಪುರದಲ್ಲಿ ಇರಲಾರದು. ವಿಜಯದಶಮಿಯ ಸಂಜೆ ಟ್ಯಾಂಪಿನೀಸಿನ ಅವರ ಮನೆಗೆ ಹೋಗಿ, ಕುಂಕುಮ ಹಚ್ಚಿದ ಪುಸ್ತಕಗಳನ್ನು ನಾಲ್ಕೂ ಎಣಿಸಿ ತಂದ. ಮುರಿದ ಲಾಳದ ಹಾಳೆಗಳನ್ನು ಕಿತ್ತು, ಚೂರು ಮಾಡಿ, ತಾನಿದ್ದ ಬಹುಮಹಡಿ ಕಟ್ಟಡದ ಕಸದ ಕೊಳವೆಗೆ ಸುರಿದ.

ಉಳಿದದ್ದು ಕೈಯ ಕೆಲಸ. ಹೊಸದಾಗಿ ಬಂದ ಗೇರ್‌ಬಾಕ್ಸಿನ ಗುರುತು ಅರೆದು ತೆಗೆದು, ನಿಕ್ಕಲ್ ಕಡ್ಡಿಯಿಂದ ಅದರ ಮೇಲೆ ಲಾಳವೊಂದನ್ನು ವೆಲ್ಡ್ ಮಾಡಿದ. ಎರಕದ ಗುರುತು ಮರಳಿನ ಹಾಗೆ ಒರಟು. ವೆಲ್ಡಿನದು ಕರಗಿ ಗಟ್ಟಿಯಾದ ಮೇಣದ ಹಾಗೆ ನಯ. ದ್ವಾರಕನಾಥರಿಗೆ ಅದು ಏಳು ಜನ್ಮಕ್ಕೂ ತಿಳಿಯದು. ಬಲ್ಲವರಿಗೆ ಬೆರಳು ಸವರಿದರೆ ಸಾಕು. ಅಷ್ಟೇ ಹದಕ್ಕೆ, ಒಂದು ಕೂದಲು ಹೆಚ್ಚಿಲ್ಲದಂತೆ ಕಡಮೆಯಿಲ್ಲದಂತೆ, ಅವನು ಕೆಲಸ ಕೆಡಿಸಿದ. ಆಮೇಲೆ ಗಾಡಿಯಿಂದ ಅಸಲಿ ಗೇರ್‌ಬಾಕ್ಸನ್ನು ಬಿಚ್ಚಿ, ಆ ಜಾಗಕ್ಕೆ ನಕಲಿಯನ್ನು ಕೂರಿಸಿ, ಅಸಲಿಯನ್ನು ನೆಲದ ಮೇಲಿಟ್ಟು ದೊಡ್ಡ ಸುತ್ತಿಗೆ ಎತ್ತಿದ. ಮೊದಲ ಪೆಟ್ಟು ಗುರಿ ತಪ್ಪಿತು. ಆರು ವರ್ಷ ಮಗುವಿನಂತೆ ಒರೆಸಿಟ್ಟ ವಸ್ತು. ಎರಡನೆಯ ಪೆಟ್ಟಿಗೆ ಅದು ಮಡಕೆಯ ಹಾಗೆ ಒಡೆಯಿತು. ಚೂರುಗಳು ಗುಜರಿಯ ಲಾರಿ ಹತ್ತಿದವು.

ಜನವರಿಯ ಒಂದು ಶನಿವಾರ ಬೆಳಿಗ್ಗೆ ಪರೀಕ್ಷಕಿ ಬಂದಳು. ನೆರೆತ ಕೂದಲು, ಜಡ್ಡುಗಟ್ಟಿದ ಬೆರಳು; ಕೈ ನೋಡಿದೊಡನೆ ದತ್ತಾತ್ರೇಯನಿಗೆ ಗೌರವ ಹುಟ್ಟಿತು. ದ್ವಾರಕನಾಥ್ ಸೂಟಿನಲ್ಲಿದ್ದರು. ಕೌಸಲ್ಯಾ ಡಬ್ಬಿಯಲ್ಲಿ ಮೈಸೂರು ಪಾಕು ತಂದಿದ್ದರು. ಪರೀಕ್ಷಕಿ ಟಾರ್ಚು ಹಿಡಿದು ಗಾಡಿಯ ಕೆಳಗೆ ತೂರಿದಳು. ಹೊರಗೆ ಬಂದಾಗ ಅವಳ ಮುಖ ಗಂಟಿಕ್ಕಿತ್ತು. ಇದು ಎರಕವಲ್ಲ, ವೆಲ್ಡು, ಅದೂ ಇತ್ತೀಚಿನದು ಎಂದಳು. ದ್ವಾರಕನಾಥರ ಮುಖ ಸುಣ್ಣ ಬಳಿದಂತಾಯಿತು. "ವಾಟ್? ದತ್ತು, ಏನಿದು?" ಎಂದು ತೊದಲಿದರು. ದತ್ತಾತ್ರೇಯ ಎರಡೂ ಕೈ ಅಗಲಿಸಿದ. "ನನಗೇನ್ ಗೊತ್ತು ಸಾರ್? ನಾನು ಬರೀ ಕೈ." ಆರು ತಿಂಗಳಿಂದ ನಾಲಿಗೆಯ ತುದಿಯಲ್ಲಿ ಕಾಪಾಡಿಕೊಂಡಿದ್ದ ಮಾತು ಅದು.

ಪರೀಕ್ಷಕಿ ದ್ವಾರಕನಾಥರತ್ತ ತಿರುಗಲಿಲ್ಲ. ಚೀಲದಿಂದ ದಪ್ಪ ಕಡತವೊಂದನ್ನು ತೆಗೆದು, "ನೀವೇ ಅಲ್ಲವೇ ಮಿಸ್ಟರ್ ದತ್ತಾತ್ರೇಯ?" ಎಂದು ಮರ್ಯಾದೆಯಿಂದ ಕೇಳಿ, ಒಂದು ಹಾಳೆಯನ್ನು ಅವನ ಮುಂದೆ ಹಿಡಿದಳು. ಪೆನ್ಸಿಲಿನಲ್ಲಿ ಉಜ್ಜಿದ ಮುರಿದ ಲಾಳ. ಅದರ ಕೆಳಗೆ ಅವನದೇ ದುಂಡು ಅಕ್ಷರ: 'ಈ ಗಾಡಿಗೆ ನಾನೊಬ್ಬನೇ ಕೈ ಹಾಕುವುದು. ಗೋದಾಮಿನ ಬೀಗದ ಕೈ ಒಂದೇ, ಅದು ನನ್ನ ಸೊಂಟದಲ್ಲಿ. ದ್ವಾರಕನಾಥರಿಗೆ ನಟ್ಟು ಯಾವುದು, ಬೋಲ್ಟು ಯಾವುದು ತಿಳಿಯದು.' ತಾರೀಖು, ಸಹಿ. ಪಕ್ಕದಲ್ಲೇ ಇಂಗ್ಲಿಷ್ ಅನುವಾದ. ಕಡತದ ಮೊದಲ ಪುಟದಲ್ಲಿ, ಸಂಶೋಧಕನ ಹೆಸರಿರಬೇಕಾದ ಜಾಗದಲ್ಲಿ, ಅವನ ಹೆಸರು ದಪ್ಪ ಅಕ್ಷರದಲ್ಲಿತ್ತು. ಅವನ ಬೆರಳು ತಾನಾಗಿ ಸೊಂಟದ ಬೀಗದ ಕೈಯನ್ನು ಮುಚ್ಚಿತು. "ಇವತ್ತು ನಿನಗೆ ಸರ್‌ಪ್ರೈಸ್ ಕೊಡ್ಬೇಕು ಅಂತಿದ್ವಿ ಕಣೋ," ಎಂದರು ಕೌಸಲ್ಯಾ, ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕುತ್ತ. ಅವರ ಕಣ್ಣು ಅವನ ಸೊಂಟದ ಮೇಲಿತ್ತು. "ನಿನ್ನ ಹೆಸರು ಹಾಕ್ಲೇಬೇಕು ಅಂತ ನಮ್ಮ ಯಜಮಾನ್ರ ಜೊತೆ ಜಗಳ ಆಡಿ, ಶ್ರೀಯಾ ಕೈಲಿ ಪುಟ ಪುಟಾನೂ ಫೋಟೋ ತೆಗ್ಸಿ ಮ್ಯೂಸಿಯಮ್ಮಿಗೆ ಕಳಿಸಿದ್ದೆ. ಪೂಜೆಗಿಟ್ಟಾಗ ನಾನು ಮುಟ್ಲಿಲ್ಲ ದತ್ತು, ದೇವರಾಣೆ. ಆದ್ರೆ ವಿಜಯದಶಮಿ ಬೆಳಿಗ್ಗೆ ಪುಸ್ತಕ ಇಳಿಸಿ ಒಂದಿಷ್ಟಾದ್ರೂ ಓದ್ಲೇಬೇಕಲ್ಲಪ್ಪ, ಅದು ಶಾಸ್ತ್ರ. ಮನೇಲಿ ಇದ್ದದ್ದು ನಿನ್ನ ಪುಸ್ತಕ ಮಾತ್ರ."