ಮಿಂಚುಳ್ಳಿ ಓಡಿಸಿದ ಸ್ಲೈಡು

“ಮಿಂಚುಳ್ಳಿ ಇವತ್ತೂ ಬಂದಿಲ್ವಾ?”

ಗ್ರೇಸಿ ಮ್ಯಾಡಂ ಕೇಳಿದಾಗ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಫೆಬಿನಾಳ ಮುಖ ಬಾಡಿತು.

ಕೇರಳದ ಬೇರೆ ಬೇರೆ ಊರುಗಳಲ್ಲಿ ಪೆಥಾಲಜಿ ಕಲಿಯುತ್ತಿದ್ದ ಯುವ ವೈದ್ಯರಿಗೆ ಮ್ಯಾಡಂ ಪ್ರತಿ ಶನಿವಾರ ಆನ್‌ಲೈನ್ ಪಾಠ ಮಾಡುತ್ತಿದ್ದರು. ಸೀನಿಯರ್‌ಗಳಿಗೆ ಹೆದರಿ ಯಾರೂ ಸುಮ್ಮನಿರಬಾರದೆಂದು ಎಲ್ಲರಿಗೂ ಹಕ್ಕಿಗಳ ಹೆಸರಿಟ್ಟಿದ್ದರು. ಮುಖ ಕಾಣದು, ದನಿ ಕೇಳದು. ಟೈಪ್ ಮಾಡಿಯೇ ವಾದಿಸಬೇಕು. ಸರದಿ ಬಂದವರು ಪರದೆಯ ಮೇಲೆ ರೋಗಿಯ ಅಂಗಾಂಶದ ಸ್ಲೈಡ್ ಓಡಿಸಬೇಕು. ತಿರುವನಂತಪುರದ ಫೆಬಿನಾ ಅಲ್ಲಿ ಗೀಜಗ.

ಮಿಂಚುಳ್ಳಿ ಸ್ಲೈಡ್ ಓಡಿಸುವ ಬಗೆಯೇ ಬೇರೆ. ಅಂಗಳ ಗುಡಿಸುವವರಂತೆ ಒಂದು ಅಂಚಿನಿಂದ ಹೊರಟು ಸಾಲುಸಾಲಾಗಿ ಸಾಗುವುದು. ಏನಾದರೂ ಕಣ್ಣಿಗೆ ಬಿದ್ದರೆ, ಕಂಡೇ ಇಲ್ಲವೆಂಬಂತೆ ದಾಟಿಹೋಗಿ, ತಟ್ಟನೆ ಹಿಂದಿರುಗಿ, ಅಲ್ಲಿ ತುಸು ಹೊತ್ತು ನಿಲ್ಲುವುದು. ಆ ನಿಲ್ಲುವಿಕೆಗಾಗಿ ಫೆಬಿನಾ ವಾರವಿಡೀ ಕಾಯುತ್ತಿದ್ದಳು.

“ಅದು ಮೂರು ಮಕ್ಕಳ ತಾಯಿ ಆಗಿದ್ರೆ?” ರೂಂಮೇಟ್ ತುಷಾರ ಕೆಣಕಿದಳು.

“ಥೂ, ನಿನ್ನ ಬಾಯಿಗಿಷ್ಟು!”

ಕೆಲಸ ಕೆಡಿಸಿದ್ದು ಫೆಬಿನಾಳೇ. ಒಮ್ಮೆ ಕುತ್ತಿಗೆಯ ಗಂಟಿನ ಸ್ಲೈಡ್ ಬಂದಾಗ, ಪೂರ್ತಿ ನೋಡದೆ ಒಂದು ಮೂಲೆಯನ್ನಷ್ಟೇ ಹಿಗ್ಗಿಸಿ, ಕ್ಯಾನ್ಸರ್ ಎಂದಿದ್ದಳು. ‘ಬರೀ ಸೋಂಕಿನ ಊತ ಅನ್ಸುತ್ತೆ, ಬೇರೆ ಬಣ್ಣ ಹಾಕಿದ ಇನ್ನೊಂದು ಸ್ಟೇನ್ ಬರಲಿ’ ಎಂದು ಮಿಂಚುಳ್ಳಿ ಬರೆದಿತ್ತು. ‘ಕೊಕ್ಕಿನ ಕೆಳಗೇ ಮೀನಿದ್ರೂ ಕಾಣದ ಮಿಂಚುಳ್ಳಿನ ಇವತ್ತೇ ನೋಡಿದ್ದು!’ ಎಂದು ಟೈಪ್ ಮಾಡಿದಳು ಇವಳು. ಎಲ್ಲರೂ ನಗುವ ಇಮೋಜಿ ಹಾಕಿದರು. ಮುಂದಿನ ವಾರ ಸ್ಟೇನ್ ಬಂತು. ಮಿಂಚುಳ್ಳಿ ಹೇಳಿದ್ದೇ ಸರಿ. ‘ತಪ್ಪಾಯ್ತು’ ಎನ್ನಲು ಮಿಂಚುಳ್ಳಿಯೇ ಇರಲಿಲ್ಲ.

ಕೊನೆಯ ಪಾಠ ಕಲ್ಲಿಕೋಟೆಯಲ್ಲಿ, ಎಲ್ಲರೂ ಎದುರುಬದುರು ಕೂತು. ಆಗಲೂ ಹಕ್ಕಿಗಳ ಗುಟ್ಟು ಬಿಟ್ಟುಕೊಡಲು ಮ್ಯಾಡಂ ಒಪ್ಪಲಿಲ್ಲ. ಸಂಜೆಗೆ ಎಲ್ಲರೂ ಚದುರುತ್ತಾರೆ. ಅಷ್ಟರೊಳಗೆ ಹೇಗೆ ಹುಡುಕುವುದು?

ಐವರು ಒಟ್ಟಿಗೆ ಕಣ್ಣಿಡುವ ಮೈಕ್ರೋಸ್ಕೋಪಿನ ಸುತ್ತ ಕೂತರು. ಎದುರಿದ್ದ ಹುಡುಗನ ಸರದಿ. ಫೆಬಿನಾ ಕಣ್ಣಿಟ್ಟಳು. ನೇರಳೆ, ಗುಲಾಬಿ ಬಣ್ಣ ಮೆಲ್ಲನೆ ಸರಿಯತೊಡಗಿತು. ಒಂದು ಅಂಚಿನಿಂದ. ಸಾಲುಸಾಲಾಗಿ. ಏನನ್ನೋ ದಾಟಿಹೋಯಿತು. ತಟ್ಟನೆ ಹಿಂದಿರುಗಿತು. ನಿಂತಿತು.

ಅವಳು ಕಣ್ಣೆತ್ತಿದಳು. ಅವನು ಇನ್ನೂ ಬಗ್ಗಿಯೇ ಇದ್ದ. ಹಣೆಯ ಮೇಲೊಂದು ಸುರುಳಿ ಕೂದಲು. ಮೂರು ಮಕ್ಕಳ ತಾಯಿಯಂತೂ ಅಲ್ಲ.

ಚಹಾ ವಿರಾಮದಲ್ಲಿ ಮೆಟ್ಟಿಲ ಬಳಿ ಅವನನ್ನು ತಡೆದಳು.

“ಮಿಂಚುಳ್ಳಿ ನೀವೇ ಅಲ್ವಾ?”

ಅವನು ಬಾಯಿಗೆತ್ತಿದ್ದ ಸುಲೈಮಾನಿ ಚಹಾದ ಲೋಟ ಇಳಿಸಿದ. “ಯಾರು ಹೇಳಿದ್ರು?”

“ನಿಮ್ಮ ಕೈ. ನಾನು ಗೀಜಗ. ಅವತ್ತು ಹಾಗೆ ಅನ್ನಬಾರದಿತ್ತು. ಸಿಟ್ಟು ಮಾಡ್ಕೊಂಡು ಕ್ಲಾಸೇ ಬಿಟ್ರಲ್ಲ.”

“ಸಿಟ್ಟಾ? ತಂಗಿ ನಿಕಾಹ್ ಇತ್ತು ಡಾಕ್ಟ್ರೇ! ಬಂದ ನೆಂಟರಿಗೆಲ್ಲ ಬಿರಿಯಾನಿ ಬಡಿಸಿ ಬಡಿಸಿ ಸೊಂಟ ಬಿದ್ದುಹೋಯ್ತು.” ಅವನು ಜೋರಾಗಿ ನಕ್ಕ. “ಆ ಮೀನಿನ ಮಾತು ಮನೆಯವರಿಗೆಲ್ಲ ಓದಿ ಹೇಳಿದೀನಿ. ಉಮ್ಮ ಅಂತೂ ದಿನಾ ಕೇಳ್ತಾರೆ, ಆ ಜೋರು ಬಾಯಿ ಹಕ್ಕಿ ಹುಡುಗೀನಾ ಅಂತ.”

“ನೀವೇನಂದ್ರಿ?”

“ಆಗಿರಲಿ ಅಂತ ದುಆ ಮಾಡ್ತಿದೀನಿ ಅಂದೆ.”

ಅವಳಿಗೆ ಎಲ್ಲಿ ನೋಡುವುದೆಂದು ತಿಳಿಯಲಿಲ್ಲ. ಅವನ ಕಿವಿಯೂ ಕೆಂಪಾಗಿತ್ತು.

“ಸಂಜೆ ರೈಲಿಗೆ ಹೊರಟುಬಿಡ್ತೀರಲ್ಲ,” ಅವನ ದನಿ ತಗ್ಗಿತು. “ಉಮ್ಮನ್ನ ನಿಮ್ಮ ಮನೆಗೆ ಕಳಿಸ್ಲಾ?”

“ನನ್ನ ಹೆಸರೇ ಕೇಳಿಲ್ಲ ನೀವು!”

“ಅಯ್ಯೋ... ಹೌದಲ್ಲ. ನಾನು ನಿಹಾದ್.”

“ಫೆಬಿನಾ.”

ಅವನು ಅಲ್ಲೇ ಫೋನ್ ಹಚ್ಚಿದ. “ಉಮ್ಮಾ, ಹುಡುಗೀನೇ! ಇಲ್ಲೇ ಇದ್ದಾಳೆ, ಫೆಬಿನಾ ಅಂತ.”

“ನೀನು ಬಾಯಿ ಮುಚ್ಚೋ, ಅವಳಿಗೆ ಕೊಡು!” ಫೋನಿನಾಚೆಯ ಆ ದನಿ ಫೆಬಿನಾಳಿಗೂ ಕೇಳಿತು.

ಫೆಬಿನಾ ಚಹಾದ ಜೊತೆ ತಿಂದಿದ್ದ ಹಲ್ವದ ಜಿಡ್ಡು ಒರೆಸಿಕೊಂಡು ಫೋನ್ ತೆಗೆದುಕೊಂಡಳು. ಅವನ ತಾಯಿಯನ್ನು ಆಂಟಿ ಎನ್ನಬೇಕೆಂದುಕೊಂಡಳು. ನಿಹಾದನತ್ತ ನೋಡಿದಳು, ಅವನು ಉಸಿರೂ ಬಿಡದೆ ನಿಂತಿದ್ದ.

“ಅಸ್ಸಲಾಮು ಅಲೈಕುಂ,” ಎಂದಳು. “ಹೇಳಿ, ಉಮ್ಮಾ.”

ನಿಹಾದ್ ಲೋಟ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟ.